ಬಯಾಲಜಿಕ್ ಇಂಜೆಕ್ಷನ್ ಶುರು ಮಾಡಿ 5 ವಾರ: ಚರ್ಮ ತಿಳಿಯಾಗುತ್ತಿದೆ, ಕೀಲು ನೋವು ಹಾಗೇ ಇದೆ. ಇನ್ನೆಷ್ಟು ದಿನ ಕಾಯಬೇಕು?

ಬೆಳಗಿನ_ಬಿಸಿಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 11 ವರ್ಷದಿಂದ ಸೋರಿಯಾಸಿಸ್ ಇದೆ, ಚರ್ಮ ಕೆಂಪಾಗಿ ಹೊಟ್ಟಿನ ಪದರ ಕಟ್ಟುವ ಕಾಯಿಲೆ. ಕೀಲು ನೋವು ಶುರುವಾಗಿ 3 ವರ್ಷ ಆಯಿತು, ಆದರೆ ಅದು ಸೋರಿಯಾಟಿಕ್ ಆರ್ಥ್ರೈಟಿಸ್, ಅಂದರೆ ಸೋರಿಯಾಸಿಸ್ ಜೊತೆ ಬರುವ ಕೀಲು ಬಾವು, ಅಂತ ಗೊತ್ತಾಗಿದ್ದು ಹೋದ ವರ್ಷ. ಅಲ್ಲಿಯವರೆಗೆ ಕೆಲಸ ಜಾಸ್ತಿ ಆಗಿ ಕೈ ನೋಯುತ್ತಿದೆ ಅಂದುಕೊಂಡು ಸುಮ್ನೆ ನೋವಿನ ಮಾತ್ರೆ ನುಂಗಿಕೊಂಡು ಇದ್ದುಬಿಟ್ಟೆ. ಚರ್ಮಕ್ಕೂ ಕೀಲಿಗೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ.

ಮೊದಲು ಬಾವು ತಗ್ಗಿಸುವ ಮೆಥೋಟ್ರೆಕ್ಸೇಟ್ ಮಾತ್ರೆ 8 ತಿಂಗಳು ತೆಗೆದುಕೊಂಡೆ, ವಾರಕ್ಕೆ ಒಂದೇ ದಿನ, ಜೊತೆಗೆ ಫೋಲಿಕ್ ಆಸಿಡ್. ಸ್ವಲ್ಪ ತಗ್ಗಿತು, ಸಾಕಾಗಲಿಲ್ಲ. ಈಗ ಅದರ ಜೊತೆಗೇ ಸೆಕುಕಿನುಮ್ಯಾಬ್ ಅನ್ನೋ ಬಯಾಲಜಿಕ್ ಇಂಜೆಕ್ಷನ್ (ಜೀವಕೋಶಗಳಿಂದ ತಯಾರಿಸಿದ, ಬಾವು ಎಬ್ಬಿಸುವ ಒಂದು ಅಂಶವನ್ನೇ ಗುರಿಯಿಟ್ಟು ತಡೆಯುವ ಔಷಧಿ) 300 ಮಿ.ಗ್ರಾಂ ಶುರು ಮಾಡಿದ್ದಾರೆ. ವಾರಕ್ಕೊಂದರಂತೆ 5 ಡೋಸ್ ಮುಗಿದವು. ಇನ್ನು ಮುಂದೆ ತಿಂಗಳಿಗೊಂದು.

ಚರ್ಮದ ವಿಷಯಕ್ಕೆ ಬಂದರೆ ನನಗೇ ನಂಬೋಕೆ ಆಗುತ್ತಿಲ್ಲ. ಎರಡೂ ಮೊಣಕೈ ಮೇಲೆ ಅಂಗೈ ಅಗಲದ ದಪ್ಪ ಪದರ ಇತ್ತು. ಮೂರನೇ ಡೋಸ್ ಆದ ಮೇಲೆ ಒಂದು ದಿನ ಸ್ನಾನ ಮಾಡಿ ಮೈ ಒರೆಸಿಕೊಂಡು ಟವೆಲ್ ಕೊಡವಿದೆ, ಒಂದು ಚೂರು ಬಿಳಿ ಹೊಟ್ಟು ಉದುರಲಿಲ್ಲ. ಇನ್ನೊಂದು ಸಲ ಕೊಡವಿ ನೋಡಿದೆ. 11 ವರ್ಷದಲ್ಲಿ ಅಂಥ ದಿನ ಇರಲಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ.

ಆದರೆ ಕೀಲು? ಬಲಗೈ ನಡುಬೆರಳು ಬುಡದಿಂದ ತುದಿಯವರೆಗೂ ಊದಿಕೊಂಡು ಹಾಗೇ ಇದೆ, ಮಡಚೋಕೆ ಬರಲ್ಲ. ಎಡ ಹಿಮ್ಮಡಿ ನೆಲಕ್ಕೆ ಊರಿದರೆ ಮೊಳೆ ಚುಚ್ಚಿದ ಹಾಗೆ. ಬೆಳಿಗ್ಗೆ ಎದ್ದು ಹತ್ತಿರ ಹತ್ತಿರ 2 ಗಂಟೆ ಕೈ ಬಿಗಿದುಕೊಂಡಿರುತ್ತದೆ, ಪೇಸ್ಟಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆಯುತ್ತೇನೆ. ಚರ್ಮಕ್ಕೆ ಇಷ್ಟು ಬೇಗ ಕೆಲಸ ಮಾಡಿದ ಔಷಧಿ ಕೀಲಿಗೆ ಮಾಡುತ್ತಿಲ್ಲ ಅಂದರೆ ನನ್ನ ಕೀಲಿಗೆ ಇದು ಒಗ್ಗಲಿಲ್ಲ ಅಂತ ಅರ್ಥವಾ? ಬೇರೆಯವರಿಗೆ ಎಷ್ಟು ವಾರಕ್ಕೆ ಗೊತ್ತಾಯಿತು?

ಇನ್ನೆರಡು ಪ್ರಶ್ನೆ. ಪದರ ಹೋದ ಜಾಗದಲ್ಲಿ ಕಂದು ಕಪ್ಪು ಕಲೆ ಉಳಿದಿದೆ, ಅದೂ ಸೋರಿಯಾಸಿಸ್ಸೇನಾ? ಮತ್ತೆ ಇಂಜೆಕ್ಷನ್ ಇದೆಯಲ್ಲ, ಮೆಥೋಟ್ರೆಕ್ಸೇಟ್ ಬಿಡಬಹುದಾ? ಅದು ತೆಗೆದುಕೊಂಡ ಮರುದಿನ ಪೂರ್ತಿ ಹೊಟ್ಟೆ ತೊಳಸುತ್ತದೆ. ಮುಂದಿನ ಭೇಟಿಗೆ ಇನ್ನೂ 7 ವಾರ ಇದೆ, ಅಲ್ಲಿಯವರೆಗೆ ತಲೆ ಕೆಟ್ಟುಹೋಗುತ್ತದೆ ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಿಧಾನ_ನಡಿಗೆ:

ಮೊದಲು ಒಂದು ಮಾತು. 5 ವಾರಕ್ಕೆ ಕೀಲಿನ ಲೆಕ್ಕ ಹಾಕಬೇಡಿ. ದಯವಿಟ್ಟು ಬೇಡ. ನಾನು ಹಾಕಿದ್ದೆ. 6ನೇ ವಾರಕ್ಕೆ ಇದು ನನಗಲ್ಲ ಅಂತ ತೀರ್ಮಾನ ಮಾಡಿ ಮುಂದಿನ ಡೋಸ್ ಬೇಡ ಅಂತ ಹಟ ಹಿಡಿದಿದ್ದೆ. ನನ್ನ ಹೆಂಡತಿ ಬಿಡಲಿಲ್ಲ. ಅವಳು ಬಿಟ್ಟಿದ್ದರೆ ನಾನು ಇವತ್ತು ಕೈಯಲ್ಲಿ ಪೆನ್ನು ಹಿಡಿಯುತ್ತಿರಲಿಲ್ಲ ಅಂತ ಮನಸಾರೆ ಹೇಳುತ್ತೇನೆ.

ನನ್ನದು ಇಕ್ಸೆಕಿಝುಮ್ಯಾಬ್, ನಿಮ್ಮ ಔಷಧಿಯ ಗುಂಪೇ, ಎರಡೂ ತಡೆಯೋದು ಮೈಯಲ್ಲಿ ಬಾವು ಎಬ್ಬಿಸುವ ಐಎಲ್-17 ಅನ್ನೋ ಪ್ರೋಟೀನನ್ನ. ಎರಡೂವರೆ ವರ್ಷ ಆಯಿತು. ಮೊದಲ ದಿನ 2 ಇಂಜೆಕ್ಷನ್ ಸೇರಿಸಿ 160 ಮಿ.ಗ್ರಾಂ, ಆಮೇಲೆ 12 ವಾರದವರೆಗೆ 2 ವಾರಕ್ಕೊಮ್ಮೆ 80, ಈಗ 4 ವಾರಕ್ಕೊಮ್ಮೆ. ಶುರುವಿನಿಂದಲೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಅದನ್ನೇ ನೋಡಿಕೊಂಡು ಹೇಳುತ್ತೇನೆ.

ಚರ್ಮ: ಮೊದಲ ವಾರದಲ್ಲೇ ನವೆ ಕಡಿಮೆ ಆಯಿತು, ರಾತ್ರಿ ಕೆರೆದುಕೊಂಡು ಏಳುವುದು ನಿಂತಿತು. ಎರಡನೇ ವಾರ ಹೊಟ್ಟು ಉದುರುವುದು ಕಡಿಮೆ. ಮೂರು ನಾಲ್ಕನೇ ವಾರಕ್ಕೆ ಪದರ ತೆಳ್ಳಗಾಗಿ ಬೆರಳಾಡಿಸಿದರೆ ಪಕ್ಕದ ಚರ್ಮದ ಮಟ್ಟಕ್ಕೇ ಬಂದಿತ್ತು, ಕೆಂಪು ಮಾತ್ರ ಇತ್ತು. 8ನೇ ವಾರಕ್ಕೆ ಕೆಂಪೂ ಹೋಯಿತು. ಮೊಣಕಾಲಿನ ಕೆಳಗಿನದು ಮಾತ್ರ ಎಲ್ಲಕ್ಕಿಂತ ಕೊನೆಗೆ, ನಾಲ್ಕನೇ ತಿಂಗಳಲ್ಲಿ. ಕಾಲಿನದು ಹಟಮಾರಿ, ಬಹಳ ಜನಕ್ಕೆ ಹೀಗೇ ಅಂತೆ.

ಈಗ ಕೀಲು. ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ಅಂಗಿ ಗುಂಡಿ ಸಲೀಸಾಗಿ ಹಾಕಿಕೊಳ್ಳುವವರೆಗೆ ಎಷ್ಟು ನಿಮಿಷ ಅಂತ ಪ್ರತಿ ಭಾನುವಾರ ಬರೆಯುತ್ತಿದ್ದೆ. ಶುರುವಿನಲ್ಲಿ 110 ನಿಮಿಷ. 4ನೇ ವಾರ 100. ಅಂದರೆ ಏನೂ ಇಲ್ಲ, ಅಲ್ವಾ? 6ನೇ ವಾರ 95. ಅದೇ ನಾನು ಕೈಚೆಲ್ಲಿದ ವಾರ. 8ನೇ ವಾರ 70. 9ರಲ್ಲಿ ಮತ್ತೆ 85ಕ್ಕೆ ಏರಿತು. 11ಕ್ಕೆ 45. 14ಕ್ಕೆ 20. ಈಗ ಗಡಿಯಾರ ನೋಡುವ ಹಾಗೇ ಇಲ್ಲ, ಎದ್ದ ಐದು ನಿಮಿಷಕ್ಕೆ ಕೈ ಆಡುತ್ತದೆ. ಏರಿಳಿತ ನೋಡಿದಿರಲ್ಲ, ಒಂದು ಕೆಟ್ಟ ವಾರ ಬಂದರೆ ಔಷಧಿ ಸೋತಿತು ಅಂತಲ್ಲ.

ನನಗೂ ಒಂದು ಬೆರಳು ನೀವು ಹೇಳಿದ ಹಾಗೇ ಪೂರ್ತಿ ಊದಿತ್ತು, ಎಡಗಾಲಿನ ಎರಡನೇ ಬೆರಳು. ಅದು ಇಳಿಯೋಕೆ 5 ತಿಂಗಳು ಹಿಡಿಯಿತು. ಹಿಮ್ಮಡಿ ಅದಕ್ಕಿಂತ ತಡ, ಏಳನೇ ತಿಂಗಳವರೆಗೂ ಬೆಳಿಗ್ಗೆ ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದುಕೊಂಡೇ ಇಡುತ್ತಿದ್ದೆ. ಆದರೆ ಇವೆಲ್ಲದಕ್ಕಿಂತ ಮೊದಲು ಬಂದ ಬದಲಾವಣೆ ಯಾವುದು ಗೊತ್ತಾ? ಸುಸ್ತು. ಮಧ್ಯಾಹ್ನ ಮೂರು ಗಂಟೆಗೆ ಮೈಯಲ್ಲಿ ಜೀವ ಇಲ್ಲದ ಹಾಗೆ ಆಗುತ್ತಿತ್ತಲ್ಲ, ಅದು 5ನೇ ವಾರಕ್ಕೇ ಕಡಿಮೆಯಾಗಿತ್ತು, ನಾನು ಗಮನಿಸಿರಲಿಲ್ಲ. ಸಂಜೆ ಮಲಗೋದು ಬಿಟ್ಟಿದ್ದೀರಲ್ಲ ಅಂತ ಹೆಂಡತಿಯೇ ಹೇಳಿದ್ದು. ನಿಮಗೆ ಸುಸ್ತು ಹೇಗಿದೆ? ಒಂದು ಸಲ ಯೋಚಿಸಿ ನೋಡಿ.

ಉಗುರು ಕೆಟ್ಟಿದ್ದರೆ ಅದರ ಕಡೆ ಈಗಲೇ ನೋಡಲೇಬೇಡಿ. ಕೈ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯೋದು. ಗುಳಿ ಬಿದ್ದ ಹಳೇ ಉಗುರು ಮುಂದಕ್ಕೆ ತಳ್ಳಿಕೊಂಡು ಹೋಗಿ ಹೊಸದು ಪೂರ್ತಿ ಬರೋಕೆ 6 ತಿಂಗಳು ಬೇಕು, ಕಾಲಿನದಕ್ಕೆ ಒಂದು ವರ್ಷದ ಮೇಲೆ. ಬುಡದಲ್ಲಿ ನಯವಾದ ಒಂದು ಗೆರೆ ಕಾಣಿಸಿದರೆ ಸಾಕು, ಕೆಲಸ ನಡೆಯುತ್ತಿದೆ ಅಂತ.

ಸಿಸ್ಟರಕ್ಕ:

ನಾನು ರುಮಟಾಲಜಿ (ಕೀಲು ಬಾವಿನ ಕಾಯಿಲೆಗಳ) ವಿಭಾಗದಲ್ಲಿ ನರ್ಸ್. ಬಯಾಲಜಿಕ್ ಶುರು ಮಾಡುವವರಿಗೆ ಇಂಜೆಕ್ಷನ್ ಹಾಕಿಕೊಳ್ಳೋದು ಕಲಿಸುವುದು ನನ್ನ ಕೆಲಸ. ನಿಮ್ಮ ಡಾಕ್ಟರ ಜಾಗದಲ್ಲಿ ನಿಂತು ಹೇಳುತ್ತಿಲ್ಲ, ಆದರೆ ಈ ಪ್ರಶ್ನೆಯನ್ನು ವಾರದಲ್ಲಿ ಎರಡು ಸಲವಾದರೂ ಕೇಳುತ್ತೇನೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಚರ್ಮ ಬೇಗ, ಕೀಲು ತಡ ಯಾಕೆ? ಚರ್ಮ ಅನ್ನೋದು ತಾನಾಗಿಯೇ ಹಳೆಯದು ಉದುರಿಸಿ ಹೊಸದು ಕಟ್ಟಿಕೊಳ್ಳುವ ಅಂಗ. ಸಾಮಾನ್ಯ ಚರ್ಮ ಹೊಸದಾಗೋಕೆ ಸುಮಾರು ಒಂದು ತಿಂಗಳು. ಸೋರಿಯಾಸಿಸ್ ಇದ್ದ ಜಾಗದಲ್ಲಿ ಅದೇ ಕೆಲಸ 3ರಿಂದ 5 ದಿನದಲ್ಲಿ ನಡೆದು ಪದರದ ಮೇಲೆ ಪದರ ಕೂರುತ್ತಿರುತ್ತದೆ. ಆ ಅವಸರಕ್ಕೆ ಕಾರಣ ಐಎಲ್-17. ಅದನ್ನು ತಡೆದ ಕೂಡಲೇ ಚರ್ಮ ತನ್ನ ಹಳೇ ವೇಗಕ್ಕೆ ಬರುತ್ತದೆ, ಮೇಲಿನ ಪದರ ಉದುರಿ ಹೋಗುತ್ತದೆ, ಕಣ್ಣಿಗೂ ಕಾಣುತ್ತದೆ. ಕೀಲಿನಲ್ಲಿ ಹಾಗಲ್ಲ. ಅಲ್ಲಿ ಒಳಗಿನ ಪೊರೆ ತಿಂಗಳುಗಟ್ಟಲೆ, ನಿಮಗೆ 3 ವರ್ಷ, ಉರಿದು ಉರಿದು ದಪ್ಪ ಆಗಿದೆ, ನೀರು ತುಂಬಿದೆ. ಹಿಮ್ಮಡಿಯಲ್ಲಿ ಸ್ನಾಯುವಿನ ಹುರಿ ಮೂಳೆಗೆ ಅಂಟುವ ಜಾಗವೇ ಬಾವು ಬಂದಿರೋದು, ಅಲ್ಲಿಗೆ ರಕ್ತ ಓಡಾಟವೇ ಕಡಿಮೆ, ಮೇಲಾಗಿ ದಿನವಿಡೀ ಅದರ ಮೇಲೇ ನಿಲ್ಲುತ್ತೀರಿ. ಕೆರೆಯ ತೂಬು ಮುಚ್ಚಿದ ಕ್ಷಣಕ್ಕೇ ಕೊನೇ ಗದ್ದೆಯ ನೀರು ಇಂಗಿಬಿಡುತ್ತದಾ? ಕಾಲುವೆಯಲ್ಲಿ ಇರೋದು ಹರಿದು ಮುಗಿಯಬೇಕು, ಗದ್ದೆಯಲ್ಲಿ ನಿಂತಿರೋದು ಇಂಗಬೇಕು. ನಿಮ್ಮ ತೂಬು ಮುಚ್ಚಿದೆ. ಚರ್ಮ ಅದಕ್ಕೆ ಸಾಕ್ಷಿ.

ಸಂಶೋಧನೆಯ ಲೆಕ್ಕದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಸೆಕುಕಿನುಮ್ಯಾಬ್ 300 ಮಿ.ಗ್ರಾಂ ತೆಗೆದುಕೊಂಡ ಸೋರಿಯಾಸಿಸ್ ರೋಗಿಗಳಲ್ಲಿ 12 ವಾರಕ್ಕೆ 10ರಲ್ಲಿ ಸುಮಾರು 8 ಜನಕ್ಕೆ ಚರ್ಮ ಮುಕ್ಕಾಲು ಪಾಲು ತಿಳಿಯಾಗಿತ್ತು. ಅದೇ ಔಷಧಿಯನ್ನು ಕೀಲಿಗೆ ಪರೀಕ್ಷೆ ಮಾಡಿದಾಗ ಅಳತೆ ಇಟ್ಟುಕೊಂಡಿದ್ದೇ 24 ವಾರ, ಎಸಿಆರ್ 20 ಅಂತ ಕರೆಯುತ್ತಾರೆ, ಅಂದರೆ ಊದಿದ ಮತ್ತು ಮುಟ್ಟಿದರೆ ನೋಯುವ ಕೀಲುಗಳು ಕಡೇಪಕ್ಷ 20% ಕಡಿಮೆ ಆಗಬೇಕು, ಅದರ ಜೊತೆಗೆ ನೋವು, ಕೆಲಸ ಮಾಡುವ ಶಕ್ತಿ, ರಕ್ತದ ಸಿಆರ್‌ಪಿ (ಬಾವು ಎಷ್ಟಿದೆ ಅಂತ ತೋರಿಸುವ ಅಳತೆ) ಇಂಥವೂ ಒಂದಷ್ಟು ಇಳಿಯಬೇಕು. ಅಷ್ಟು ಆಗಿದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನಕ್ಕೆ. ಹೆದರಿಸೋಕೆ ಹೇಳುತ್ತಿಲ್ಲ. ಕೀಲಿನ ಗಡಿಯಾರವೇ ಬೇರೆ ಅಂತ ತೋರಿಸೋಕೆ ಹೇಳುತ್ತಿದ್ದೇನೆ. ಕೆಲವರಿಗೆ ಎರಡು ಮೂರು ವಾರಕ್ಕೇ ಹಗುರ ಅನ್ನಿಸುತ್ತದೆ, ಅದೂ ನಿಜ.

ಸಾಮಾನ್ಯವಾಗಿ ಡಾಕ್ಟರುಗಳು 12 ವಾರ ಕೊಡುತ್ತಾರೆ. ಅಷ್ಟರಲ್ಲಿ ಒಂದಿಷ್ಟೂ ಬದಲಾವಣೆ ಇಲ್ಲದಿದ್ದರೆ ಬೇರೆ ದಾರಿಯ ಮಾತು ತೆಗೆಯುತ್ತಾರೆ. ಸ್ವಲ್ಪ ಇಳಿದಿದೆ, ಇನ್ನೂ ಇಳಿಯುತ್ತಿದೆ ಅಂದರೆ 6 ತಿಂಗಳವರೆಗೆ ನೋಡುತ್ತಾರೆ. ಈ ಔಷಧಿ ಮೈಯಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು 27 ದಿನ ಬೇಕು, ಅದಕ್ಕೇ ಶುರುವಿನಲ್ಲಿ ವಾರ ವಾರ ಕೊಟ್ಟು ಮಟ್ಟ ಏರಿಸುತ್ತಾರೆ, ಆಮೇಲೆ ತಿಂಗಳಿಗೊಂದು ಸಾಕಾಗುತ್ತದೆ. ನಿಮ್ಮ ಮುಂದಿನ ಭೇಟಿ 12ನೇ ವಾರಕ್ಕೆ ಬೀಳುತ್ತದೆ ಅಲ್ವಾ? ಅದು ಸುಮ್ನೆ ಕೊಟ್ಟ ತಾರೀಕಲ್ಲ.

ಕಲೆಯ ವಿಷಯ. ಬೆರಳಲ್ಲಿ ಸವರಿ ನೋಡಿ. ನುಣುಪಾಗಿದೆ, ಹೊಟ್ಟಿಲ್ಲ, ನವೆ ಇಲ್ಲ, ಬಣ್ಣ ಮಾತ್ರ ಬೇರೆ ಅಂದರೆ ಅದು ಸೋರಿಯಾಸಿಸ್ ಅಲ್ಲ, ಅದು ಬಿಟ್ಟುಹೋದ ಗುರುತು. ನಮ್ಮಂಥ ಕಂದು ಮೈಬಣ್ಣದವರಿಗೆ ಇದು ಜಾಸ್ತಿ, ತಿಂಗಳುಗಟ್ಟಲೆ ಇರುತ್ತದೆ, ಕೆಲವರಿಗೆ ಬಿಳಿಚಿಕೊಂಡ ಹಾಗೂ ಆಗುತ್ತದೆ. ನಿಧಾನಕ್ಕೆ ಮಾಸುತ್ತದೆ. ಅದರ ಮೇಲೆ ಜೋರು ಸ್ಟೀರಾಯ್ಡ್ ಮುಲಾಮು ತಿಕ್ಕುತ್ತಾ ಕೂರಬೇಡಿ, ಚರ್ಮ ತೆಳ್ಳಗಾಗುತ್ತದೆ ಅಷ್ಟೇ.

ಮೆಥೋಟ್ರೆಕ್ಸೇಟನ್ನು ಕೇಳದೆ ಬಿಡಬೇಡಿ. ಈಗ ಕೀಲಿಗೆ ಅಷ್ಟೋ ಇಷ್ಟೋ ಆಸರೆ ಕೊಡುತ್ತಿರೋದು ಅದೂ ಇರಬಹುದು. ಬಿಟ್ಟ ಮೇಲೆ ನೋವು ಏರಿದರೆ ಇಂಜೆಕ್ಷನ್ ಸೋತಿತಾ, ಮಾತ್ರೆ ಬಿಟ್ಟಿದ್ದಕ್ಕಾ ಅಂತ ಯಾರಿಗೂ ಗೊತ್ತಾಗೋದಿಲ್ಲ. ಹೊಟ್ಟೆ ತೊಳಸೋದಕ್ಕೆ ಬೇರೆ ಉಪಾಯ ಇದೆ: ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳೋದು, ಫೋಲಿಕ್ ಆಸಿಡ್ ಪ್ರಮಾಣ ಬದಲಿಸೋದು, ಮಾತ್ರೆಯ ಬದಲು ಚುಚ್ಚುಮದ್ದಾಗಿ ತೆಗೆದುಕೊಳ್ಳೋದು. 7 ವಾರ ಕಾಯದೆ ಫೋನ್ ಮಾಡಿ ಕೇಳಿ, ಇದು ಕೇಳಬಹುದಾದ ಪ್ರಶ್ನೆಯೇ.

ಇನ್ನೊಂದು, ನೋವು ತಡೆಯಲಾರದೆ ಎಲ್ಲಿಂದಲೋ ಸ್ಟೀರಾಯ್ಡ್ ಮಾತ್ರೆ ತಂದು ನುಂಗುವವರನ್ನು ನೋಡಿದ್ದೇನೆ. ಬೇಡ. ನಿಲ್ಲಿಸಿದಾಗ ಸೋರಿಯಾಸಿಸ್ ಭುಗಿಲ್ ಅಂತ ಏಳಬಹುದು.

ಎರಡನೇ_ಇನ್ನಿಂಗ್ಸ್:

ನನ್ನ ಕಥೆ ಸ್ವಲ್ಪ ಉಲ್ಟಾ, ಅದಕ್ಕೇ ಹೇಳಬೇಕು ಅನ್ನಿಸಿತು.

ನನಗೆ ಮೊದಲು ಕೊಟ್ಟಿದ್ದು ಅಡಾಲಿಮುಮ್ಯಾಬ್, 2 ವಾರಕ್ಕೊಮ್ಮೆ 40 ಮಿ.ಗ್ರಾಂ. ಇದು ಟಿಎನ್‌ಎಫ್ ಅನ್ನೋ ಇನ್ನೊಂದು ಬಾವಿನ ಪ್ರೋಟೀನ್ ತಡೆಯುವ ಗುಂಪು, ಹಳೆಯದು. ಮೊದಲ ಇಂಜೆಕ್ಷನ್ ಆದ 10 ದಿನಕ್ಕೆ ಮಂಡಿ ಊತ ಇಳಿದು ಮೆಟ್ಟಿಲು ಓಡಿ ಹತ್ತಿದೆ. ಚರ್ಮ ಮಾತ್ರ ನಿಧಾನ, ನಾಲ್ಕನೇ ತಿಂಗಳಿಗೂ ಪೂರ್ತಿ ಹೋಗಿರಲಿಲ್ಲ. ಹಾಗಾಗಿ ಚರ್ಮವೇ ಮೊದಲು, ಕೀಲು ಆಮೇಲೆ ಅನ್ನೋದು ಎಲ್ಲರಿಗೂ ಒಂದೇ ಥರ ಅಲ್ಲ, ಔಷಧಿಯ ಮೇಲೂ ಹೋಗುತ್ತದೆ, ಮನುಷ್ಯನ ಮೇಲೂ ಹೋಗುತ್ತದೆ.

ಅಷ್ಟು ಬೇಗ ಸಿಕ್ಕಿದ ಸುಖ 14 ತಿಂಗಳಿಗೆ ಮುಗಿಯಿತು. ಮೊದಲು ಡೋಸಿನ ಕೊನೇ ಮೂರು ನಾಲ್ಕು ದಿನ ನೋವು ಮರುಕಳಿಸುತ್ತಿತ್ತು. ಆಮೇಲೆ ವಾರ. ಆಮೇಲೆ ಹಾಕಿಕೊಂಡರೂ ಒಂದೇ, ಬಿಟ್ಟರೂ ಒಂದೇ ಅನ್ನುವ ಹಾಗಾಯಿತು. ಮೈಯೇ ಔಷಧಿಯ ವಿರುದ್ಧ ಪ್ರತಿಕಾಯ ತಯಾರು ಮಾಡಿಕೊಂಡು ಅದನ್ನು ಹೊರಗಿನದು ಅಂತ ಹೊಡೆದುಹಾಕುತ್ತದಂತೆ, ಟಿಎನ್‌ಎಫ್ ಗುಂಪಿನಲ್ಲಿ ಇದು ಗೊತ್ತಿರುವ ತೊಂದರೆ. ಜೊತೆಗೆ ಮೆಥೋಟ್ರೆಕ್ಸೇಟ್ ಇದ್ದರೆ ಹೀಗಾಗೋದು ಕಡಿಮೆ ಅಂತ ಆಮೇಲೆ ಗೊತ್ತಾಯಿತು. ನಾನು ಅದನ್ನು 5ನೇ ತಿಂಗಳಿಗೇ ನನ್ನಷ್ಟಕ್ಕೆ ನಾನೇ ಬಿಟ್ಟಿದ್ದೆ. ಡಾಕ್ಟರಿಗೆ ಹೇಳಿರಲೂ ಇಲ್ಲ. ಅದೊಂದು ತಪ್ಪು ಇವತ್ತಿಗೂ ಮನಸ್ಸು ಕೊರೆಯುತ್ತದೆ. ಬೆಳಗಿನ ಬಿಸಿಲು ಅವರೇ, ನಿಮ್ಮ ಔಷಧಿಯಲ್ಲಿ ಪ್ರತಿಕಾಯದ ಕಾಟ ತುಂಬಾ ಕಡಿಮೆ, ಆದರೂ ಬಿಡುವ ಮುಂಚೆ ಒಂದು ಮಾತು ಕೇಳಿ.

ಈಗ ನಾನು ಗುಸೆಲ್ಕುಮ್ಯಾಬ್‌ನಲ್ಲಿದ್ದೇನೆ, ಐಎಲ್-23 ಅನ್ನೋ ಪ್ರೋಟೀನ್ ತಡೆಯುವಂಥದ್ದು. ಮೊದಲ ದಿನ, 4ನೇ ವಾರ, ಆಮೇಲೆ 8 ವಾರಕ್ಕೊಂದು. ಇದು ನಿಧಾನ. ಮೊದಲ ಎರಡು ತಿಂಗಳು ಏನಾಗುತ್ತಿದೆ ಅಂತಲೇ ಗೊತ್ತಾಗಲಿಲ್ಲ. ಮೂರನೇ ಡೋಸ್ ಆದ ಮೇಲೆ, ಅಂದರೆ 12ನೇ ವಾರ ದಾಟಿದ ಮೇಲೆ, ಚರ್ಮ ಇಳಿಯಿತು, ಕೀಲು 5 ತಿಂಗಳಿಗೆ. ಈಗ ಮೂರನೇ ವರ್ಷ, ಇವತ್ತಿನವರೆಗೆ ಕೈ ಕೊಟ್ಟಿಲ್ಲ.

ಓದುಗ_ಮಳೆಬಿಲ್ಲು:

ಮೇಲಿನವರು ಹೇಳಿದ್ದಕ್ಕೆ ಸರಿಹೊಂದುವ ಎರಡು ಪರೀಕ್ಷೆ ಇವೆ, ನಾನು ಔಷಧಿ ಆರಿಸುವಾಗ ಕೂತು ಓದಿದ್ದೆ. ಎರಡೂ ಚರ್ಮದವು. ಒಂದರ ಹೆಸರು ಇಕ್ಸೋರಾ-ಆರ್. ಇಕ್ಸೆಕಿಝುಮ್ಯಾಬನ್ನೂ ಗುಸೆಲ್ಕುಮ್ಯಾಬನ್ನೂ ನೇರಾನೇರ ಹೋಲಿಸಿದ್ದು. 12 ವಾರಕ್ಕೆ ಚರ್ಮ ಪೂರ್ತಿ ತಿಳಿಯಾದವರು ಮೊದಲನೆಯದರಲ್ಲಿ 41%, ಎರಡನೆಯದರಲ್ಲಿ 25%. ಆದರೆ 24 ವಾರಕ್ಕೆ ಬಂದಾಗ ಎರಡೂ ಹತ್ತಿರ ಹತ್ತಿರ ಅರ್ಧಕ್ಕೆ ಬಂದು ಸಮ ಆಗಿಬಿಟ್ಟವು. ಇನ್ನೊಂದು ಎಕ್ಲಿಪ್ಸ್, ಅದು ಸೆಕುಕಿನುಮ್ಯಾಬ್ ಮತ್ತು ಗುಸೆಲ್ಕುಮ್ಯಾಬ್ ನಡುವೆ. 48 ವಾರಕ್ಕೆ ಚರ್ಮ 90% ತಿಳಿಯಾದವರು ಸೆಕುಕಿನುಮ್ಯಾಬ್‌ನಲ್ಲಿ 70%, ಗುಸೆಲ್ಕುಮ್ಯಾಬ್‌ನಲ್ಲಿ 84%. ನಿಧಾನಕ್ಕೆ ಶುರುವಾಗಿದ್ದೇ ವರ್ಷದ ಕೊನೆಗೆ ಮುಂದೆ ಇತ್ತು.

ಹಾಗಂತ ಐಎಲ್-23 ಗುಂಪೇ ಎಲ್ಲರಿಗೂ ಒಳ್ಳೆಯದು ಅಂತ ತಿಳಿಯಬೇಡಿ. ಬೆನ್ನುಮೂಳೆಗೆ ಇಳಿದಿರುವ ಆರ್ಥ್ರೈಟಿಸ್ ಇದ್ದರೆ ಡಾಕ್ಟರುಗಳು ಹೆಚ್ಚಾಗಿ ಟಿಎನ್‌ಎಫ್ ಅಥವಾ ಐಎಲ್-17 ಕಡೆ ಹೋಗುತ್ತಾರೆ. ಕರುಳಿನಲ್ಲಿ ಕ್ರೋನ್ಸ್ ಥರದ ಕಾಯಿಲೆ ಇದ್ದರೆ ಐಎಲ್-17 ತಡೆಯುವುದು ಅದನ್ನೇ ಕೆರಳಿಸಬಹುದು, ಅದಕ್ಕೆ ಕೊಡೋದಿಲ್ಲ. ಬೇಗ ಕೆಲಸ ಮಾಡೋದು ಯಾವುದು ಅನ್ನೋದೊಂದೇ ಪ್ರಶ್ನೆ ಅಲ್ಲ.

ತೂಕದ ವಿಷಯ ಯಾರೂ ಎತ್ತಲಿಲ್ಲ. ತೂಕ ಜಾಸ್ತಿ ಇದ್ದರೆ ಈ ಔಷಧಿಗಳು ಅಷ್ಟಾಗಿ ಹತ್ತೋದಿಲ್ಲ. ನನಗೆ ಇದು ಯಾರಾದರೂ ಮೊದಲೇ ಹೇಳಬೇಕಿತ್ತು, ಅದಕ್ಕೇ ಬರೆದೆ.

ಬೆಳಗಿನ_ಬಿಸಿಲು:

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ. ನಿಧಾನ ನಡಿಗೆ ಸರ್, ನಿಮ್ಮ 6ನೇ ವಾರದ ಲೆಕ್ಕ ಓದಿ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಸುಸ್ತಿನ ಬಗ್ಗೆ ಕೇಳಿದಿರಿ. ಯೋಚಿಸಿದೆ. ಹೌದು ಸರ್, ಈ ವಾರ ಎರಡು ದಿನ ಸಂಜೆ ಮಗಳ ಜೊತೆ ಕೂತು ಹೋಮ್‌ವರ್ಕ್ ಮಾಡಿಸಿದ್ದೇನೆ, ಮೊದಲೆಲ್ಲ ಆ ಹೊತ್ತಿಗೆ ಮಲಗಿಬಿಡುತ್ತಿದ್ದೆ. ಅದು ಇದಕ್ಕೇ ಅಂತ ಹೊಳೆದೇ ಇರಲಿಲ್ಲ.

ಕಲೆ ಸವರಿ ನೋಡಿದೆ ಸಿಸ್ಟರಕ್ಕ, ನುಣ್ಣಗಿದೆ. ಮಾತ್ರೆ ಬಿಡೋದಿಲ್ಲ, ನಾಳೆ ಫೋನ್ ಮಾಡಿ ಕೇಳುತ್ತೇನೆ. ಇನ್ನೊಂದು ಭಯ ಇದೆ. ಮಗಳಿಗೆ ಜ್ವರ ಬಂದಿದೆ. ನನಗೂ ಬಂದರೆ ಮುಂದಿನ ಇಂಜೆಕ್ಷನ್ ಏನು ಮಾಡಲಿ? ತಡ ಆದರೆ ಇಷ್ಟು ದಿನ ಕಾದಿದ್ದೆಲ್ಲ ಹಾಳಾಗುತ್ತದಾ? ಆಮೇಲೆ ಇಂಜೆಕ್ಷನ್ ಹಾಕಿಕೊಂಡ ಜಾಗ ಅರ್ಧ ಗಂಟೆ ಉರಿಯುತ್ತದೆ, ಅದು ಸಹಜಾನಾ?

ಸಿಸ್ಟರಕ್ಕ:

ಹಾಳಾಗೋದಿಲ್ಲ. ಜ್ವರ ಇದ್ದಾಗ, ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವಾಗ ಇಂಜೆಕ್ಷನ್ ಹಾಕಿಕೊಳ್ಳಬೇಡಿ, ಫೋನ್ ಮಾಡಿ. ಬರೀ ಮೂಗು ಸೋರುವ ನೆಗಡಿಗೆ ಸಾಮಾನ್ಯವಾಗಿ ನಿಲ್ಲಿಸೋದಿಲ್ಲ, ಆದರೂ ಕೇಳಿಯೇ ತೀರ್ಮಾನ ಮಾಡಿ. ಒಂದು ವಾರ ತಡ ಆದರೆ ಮೈಯಲ್ಲಿ ಇರುವ ಔಷಧಿ ಖಾಲಿಯಾಗಿಬಿಡುವುದಿಲ್ಲ. ಶುರು ಮಾಡುವ ಮುಂಚೆ ಟಿಬಿ ಪರೀಕ್ಷೆ, ಎದೆಯ ಎಕ್ಸ್‌ರೇ, ಹೆಪಟೈಟಿಸ್ ಪರೀಕ್ಷೆ ಮಾಡಿಸಿರುತ್ತಾರಲ್ಲ, ಅದೂ ಈ ಕಾರಣಕ್ಕೇ. ಎರಡು ಮೂರು ವಾರ ಬಿಡದ ಕೆಮ್ಮು, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯೋದು ಕಂಡರೆ ಮುಂದಿನ ಭೇಟಿವರೆಗೆ ಕಾಯಬೇಡಿ. ಬಾಯಲ್ಲಿ ಬಿಳಿ ಪೊರೆ ಕಟ್ಟಿಕೊಂಡು ಉರಿದರೆ ಅದು ಫಂಗಸ್, ಈ ಗುಂಪಿನ ಔಷಧಿಯಲ್ಲಿ ಬರುತ್ತದೆ, ಸುಲಭವಾಗಿ ವಾಸಿಯಾಗುತ್ತದೆ, ಹೇಳಿ ಅಷ್ಟೇ. ಲಸಿಕೆ ಹಾಕಿಸಿಕೊಳ್ಳೋದಿದ್ದರೆ ಇಂಜೆಕ್ಷನ್ ವಿಷಯ ಮೊದಲೇ ತಿಳಿಸಿ, ಜೀವಂತ ಲಸಿಕೆ ನಿಮಗೆ ಆಗೋದಿಲ್ಲ.

ಉರಿ ಬಗ್ಗೆ: ಫ್ರಿಜ್‌ನಿಂದ ತೆಗೆದ ಕೂಡಲೇ ಚುಚ್ಚಿಕೊಳ್ಳುತ್ತಿದ್ದೀರಾ ಅಂತ ನನ್ನ ಅನುಮಾನ. ಇಂಜೆಕ್ಷನ್ ಪೆನ್ನನ್ನು ಹೊರಗೆ ತೆಗೆದು ಮುಚ್ಚಳ ತೆಗೆಯದೆ ಅರ್ಧ ಗಂಟೆ ಮೇಜಿನ ಮೇಲೆ ಸುಮ್ನೆ ಇಡಿ. ಬಿಸಿನೀರಿನಲ್ಲಿ ಅದ್ದಬೇಡಿ, ಅಲ್ಲಾಡಿಸಬೇಡಿ. ಸ್ಪಿರಿಟ್ ಒರೆಸಿದ ಮೇಲೆ ಪೂರ್ತಿ ಒಣಗಲಿ, ಹಸಿ ಇದ್ದಾಗ ಚುಚ್ಚಿದರೆ ಅದೇ ಉರಿಯುತ್ತದೆ. ತೊಡೆಗೆ ಹಾಕಿಕೊಂಡರೆ ಮುಂದಿನ ಸಲ ಹೊಟ್ಟೆಗೆ, ಹೊಕ್ಕುಳಿನಿಂದ ಎರಡು ಇಂಚು ದೂರ. ಸೋರಿಯಾಸಿಸ್ ಇದ್ದ ಜಾಗಕ್ಕೆ ಬೇಡ.

ಬೆಳಗಿನ_ಬಿಸಿಲು (11 ವಾರ ಆದ ಮೇಲೆ):

ಇಲ್ಲಿ ಇಷ್ಟು ಜನ ಪ್ರೀತಿಯಿಂದ ಬರೆದಿದ್ದೀರಿ, ಏನಾಯಿತು ಅಂತ ಹೇಳದೆ ಇರೋದು ಸರಿಯಲ್ಲ ಅಂತ ಬಂದೆ. ಇವತ್ತಿಗೆ ಇಂಜೆಕ್ಷನ್ ಶುರುವಾಗಿ 16 ವಾರ.

ನಾನೂ ನೋಟ್‌ಬುಕ್ ಇಟ್ಟೆ. ಬೆಳಗಿನ ಬಿಗಿತ 5ನೇ ವಾರ 115 ನಿಮಿಷ, 8ನೇ ವಾರ 100, 10ನೇ ವಾರ 60, ಈಗ 25. 12ನೇ ವಾರದ ಭೇಟಿಯಲ್ಲಿ ಡಾಕ್ಟರು ಪುಸ್ತಕ ಇಸಿದುಕೊಂಡು ಪೂರ್ತಿ ನೋಡಿದರು. ಊದಿದ ಕೀಲು ಒಂದೊಂದಾಗಿ ಒತ್ತಿ ಎಣಿಸಿದರು, ಮೊದಲು 9 ಇದ್ದದ್ದು 4 ಆಗಿತ್ತು. ಸಿಆರ್‌ಪಿ ಮಾಮೂಲಿ ಮಟ್ಟಕ್ಕೆ ಬಂದಿದೆ. ಇದನ್ನೇ ಮುಂದುವರಿಸೋಣ, 6 ತಿಂಗಳಿಗೆ ಮತ್ತೆ ಲೆಕ್ಕ ಹಾಕೋಣ ಅಂದರು. ಮೆಥೋಟ್ರೆಕ್ಸೇಟ್ ಚುಚ್ಚುಮದ್ದಿಗೆ ಬದಲಾಯಿಸಿದ್ದಾರೆ, ಹೊಟ್ಟೆ ತೊಳಸೋದು ತುಂಬಾ ಕಡಿಮೆ ಆಗಿದೆ.

ನಡುಬೆರಳಿನ ಎಕ್ಸ್‌ರೇ ನೋಡಿ ತುದಿಯ ಗಂಟಿನಲ್ಲಿ ಮೂಳೆ ಸ್ವಲ್ಪ ಸವೆದಿದೆ ಅಂದರು. ಊತ ಇಳಿಯುತ್ತದೆ, ಆ ಸವೆದದ್ದು ಮಾತ್ರ ವಾಪಸ್ ಬರೋದಿಲ್ಲ, ಅಲ್ಲಿ ಸ್ವಲ್ಪ ಸೊಟ್ಟ ಉಳಿಯಬಹುದಂತೆ. ಕೇಳಿ ಸಂಕಟ ಆಯಿತು. ಗೊತ್ತಾಗುವವರೆಗೆ ಅಷ್ಟು ಕಾಲ ಬರೀ ನೋವಿನ ಮಾತ್ರೆಯಲ್ಲಿ ಕಳೆದೆನಲ್ಲ ಅಂತ. ಚರ್ಮದಲ್ಲಿ ಸೋರಿಯಾಸಿಸ್ ಇದ್ದು ಈಗಷ್ಟೇ ಬೆರಳೋ ಹಿಮ್ಮಡಿಯೋ ನೋಯೋಕೆ ಶುರುವಾಗಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಬೆಳಿಗ್ಗೆ ಜಾಸ್ತಿ ಬಿಗಿ ಇದ್ದು ಓಡಾಡಿದ ಮೇಲೆ ಕಡಿಮೆ ಆಗುತ್ತಿದ್ದರೆ, ಈ ತಿಂಗಳೇ ಹೋಗಿ ತೋರಿಸಿ.

ಹಿಮ್ಮಡಿ ಇನ್ನೂ ಇದೆ. ಮೊಳೆ ಚುಚ್ಚಿದ ಹಾಗಿಲ್ಲ, ಕಲ್ಲಿನ ಮೇಲೆ ಕಾಲಿಟ್ಟ ಹಾಗಿದೆ. ನಿಧಾನ ನಡಿಗೆ ಸರ್, ನಿಮ್ಮದು ಏಳನೇ ತಿಂಗಳಲ್ಲಿ ಹೋಯಿತು ಅಂದಿರಲ್ಲ, ಅಷ್ಟರಲ್ಲಿ ಮೆತ್ತನೆ ಚಪ್ಪಲಿ ಏನಾದರೂ ಹಾಕುತ್ತಿದ್ದಿರಾ, ಕಾಲಿಗೆ ವ್ಯಾಯಾಮ ಹೇಳಿದ್ದರಾ?

ನಿಧಾನ_ನಡಿಗೆ:

115ರಿಂದ 25! ನಿಮ್ಮ ಮೆಸೇಜನ್ನು ಹೆಂಡತಿಗೆ ಓದಿ ಹೇಳಿದೆ, ಅವಳಿಗೂ ತುಂಬಾ ಖುಷಿ ಆಯಿತು.

ಹೌದು, ಹಿಮ್ಮಡಿ ಜಾಗದಲ್ಲಿ ಮೆತ್ತೆ ಇರುವ ಚಪ್ಪಲಿ, ಮನೆಯೊಳಗೂ ಬರಿಗಾಲಲ್ಲಿ ನಡೆಯುತ್ತಿರಲಿಲ್ಲ. ಫಿಸಿಯೋಥೆರಪಿಯವರು ಒಂದು ಹೇಳಿಕೊಟ್ಟಿದ್ದರು: ಹಾಸಿಗೆಯಿಂದ ಇಳಿಯುವ ಮುಂಚೆ, ಕೂತಲ್ಲೇ, ಕಾಲು ಚಾಚಿ ಪಾದಕ್ಕೆ ಒಂದು ಟವೆಲ್ ಸಿಕ್ಕಿಸಿ ಎರಡೂ ಕೈಯಲ್ಲಿ ಮೆಲ್ಲಗೆ ನಮ್ಮ ಕಡೆಗೆ ಎಳೆದು 30 ಎಣಿಸುವವರೆಗೆ ಹಿಡಿಯೋದು, ಮೂರು ಸಲ. ಜೋರಾಗಿ ಎಳೆಯಬಾರದು. ನಿಮ್ಮ ಹಿಮ್ಮಡಿಗೆ ಇದು ಆಗುತ್ತದಾ ಅಂತ ಮುಂದಿನ ಸಲ ಹೋದಾಗ ಕೇಳಿಕೊಂಡು ಶುರು ಮಾಡಿ. ನಾನು ಟವೆಲ್ಲನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದೆ, ಇಲ್ಲದಿದ್ದರೆ ಅದನ್ನು ತರೋಕೆ ಅಂತಲೇ ನಾಲ್ಕು ಹೆಜ್ಜೆ ನಡೆಯಬೇಕಾಗುತ್ತದೆ.